ಗಿರಾಕಿಯ ವೇಷದಲ್ಲಿ ಬಂದವನು

ಮೈಸೂರಿನ ಓರಿಯಂಟಲ್ ಲೈಬ್ರರಿಗೆ 1905ರಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಂದು ಓಲೆಗರಿಯ ಕಟ್ಟು ತಂದುಕೊಟ್ಟರು. ಗ್ರಂಥಲಿಪಿಯಲ್ಲಿದ್ದ ಆ ಕಟ್ಟನ್ನು ಬಿಚ್ಚಿ ಓದಿದವರು ಆರ್. ಶಾಮಶಾಸ್ತ್ರಿಗಳು. ಹೆಸರು ಮಾತ್ರ ಕೇಳಿ ಗೊತ್ತಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದಾಗಿತ್ತು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಶಾಸ್ತ್ರಿಗಳ ಇಂಗ್ಲಿಷ್ ಅನುವಾದ ಬಂತು. ಸಮಾಜ ವಿಜ್ಞಾನದ ಪಾಠ ಮಾಡುವ ನಮ್ಮಂಥವರು ಈ ಸಂಗತಿಯನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇವೆ. ಸಪ್ತಾಂಗ ಎಂದರೇನು, ಷಾಡ್ಗುಣ್ಯ ಎಂದರೇನು ಎಂದು ಎರಡು ಅಂಕದ ಪ್ರಶ್ನೆ ಕೇಳುತ್ತೇವೆ. ಅಲ್ಲಿಗೆ ಕೌಟಿಲ್ಯ ಮುಗಿಯುತ್ತಾನೆ.

ಆದರೆ ಆ ಪುಸ್ತಕದ ನಾಲ್ಕನೆಯ ಅಧಿಕರಣಕ್ಕೆ ‘ಕಂಟಕಶೋಧನ’ ಎಂದು ಹೆಸರು. ಸಮಾಜಕ್ಕೆ ಮುಳ್ಳಾದವರನ್ನು ಹುಡುಕಿ ತೆಗೆಯುವುದು ಎಂದು ಅರ್ಥ. ಅದರಲ್ಲಿ ಗುಟ್ಟಾಗಿ ಹೊಟ್ಟೆ ಹೊರೆಯುವವರನ್ನು ಪತ್ತೆ ಮಾಡುವ ಒಂದು ಅಧ್ಯಾಯವಿದೆ. ವಿಷ ಮಾರುತ್ತಾನೆ ಎಂಬ ಗುಮಾನಿ ಯಾರ ಮೇಲಾದರೂ ಬಂದರೆ ಗೂಢಚಾರನೊಬ್ಬ ಗಿರಾಕಿಯಂತೆ ಅವನ ಬಳಿಗೆ ಹೋಗಬೇಕು. ‘ಇಂಥವನು ನನ್ನ ಶತ್ರು, ಅವನನ್ನು ಮುಗಿಸಬೇಕು, ಈ ಹಣ ಇಟ್ಟುಕೋ’ ಎನ್ನಬೇಕು. ಅವನು ಒಪ್ಪಿ ಕೆಲಸಕ್ಕೆ ಇಳಿದರೆ ವಿಷ ಹಾಕುವವನೆಂದು ತೀರ್ಮಾನಿಸಿ ದೇಶದಿಂದ ಹೊರಗಟ್ಟಬೇಕು. ಇದಾದ ಮೇಲೆ ಒಂದು ಸಣ್ಣ ವಾಕ್ಯ ಬರುತ್ತದೆ: ಮದನಯೋಗದ ವ್ಯಾಪಾರಿಗೂ ಇದೇ ವಿಧಾನ. ಮದನಯೋಗವೆಂದರೆ ಮತ್ತು ಬರಿಸುವ ಮದ್ದು. ಇವತ್ತು ಪೇಪರಿನಲ್ಲಿ ‘ಗ್ರಾಹಕರ ಸೋಗಿನಲ್ಲಿ ತೆರಳಿದ ಪೊಲೀಸರು ಗಾಂಜಾ ಮಾರುತ್ತಿದ್ದವನನ್ನು ಬಂಧಿಸಿದರು’ ಎಂದು ಓದುತ್ತೇವಲ್ಲ, ಆ ಸುದ್ದಿಯ ಮುತ್ತಜ್ಜ ಈ ವಾಕ್ಯ.

ಮುಂದಿನ ಅಧ್ಯಾಯದಲ್ಲಿ ಇನ್ನೂ ದೊಡ್ಡ ನಾಟಕವಿದೆ. ಗೂಢಚಾರರು ಸಿದ್ಧರ ವೇಷ ಹಾಕಿ, ಕಳ್ಳತನದ ಚಪಲವಿರುವ ಹುಡುಗರ ಬಳಿಗೆ ಹೋಗಿ, ನಮ್ಮ ಹತ್ತಿರ ಬಾಗಿಲು ತೆರೆಯುವ ಮಂತ್ರವಿದೆ, ಕಣ್ಣಿಗೆ ಕಾಣದಂತೆ ಮಾಡುವ ಮಂತ್ರವಿದೆ ಎಂದು ನಂಬಿಸುತ್ತಾರೆ. ಊರಿನವರೂ ಆ ನಾಟಕದಲ್ಲಿ ಪಾತ್ರಧಾರಿಗಳೇ. ಹುಡುಗರು ನಂಬಿ ಕಳ್ಳತನಕ್ಕೆ ಇಳಿದಾಗ, ಮೊದಲೇ ಗುರುತು ಹಾಕಿಟ್ಟ ಸಾಮಾನುಗಳ ಸಮೇತ ಹಿಡಿಯುತ್ತಾರೆ. ನೋಟಿನ ನಂಬರು ಬರೆದಿಟ್ಟುಕೊಂಡು ಹಿಡಿಯುವುದು ಹೊಸ ಬುದ್ಧಿಯೇನಲ್ಲ.

ಇದನ್ನು ಓದಿ ಕೌಟಿಲ್ಯನನ್ನು ಬರೀ ಕಠೋರ ಎಂದು ತಳ್ಳಿಬಿಡುವಂತಿಲ್ಲ. ಅದೇ ಅಧಿಕರಣದ ಎಂಟನೆಯ ಅಧ್ಯಾಯದಲ್ಲಿ ಅವನು ಮಾಂಡವ್ಯನ ಹೆಸರು ತೆಗೆಯುತ್ತಾನೆ. ಮಹಾಭಾರತದ ಅಣಿಮಾಂಡವ್ಯ ಮೌನವ್ರತದಲ್ಲಿದ್ದ ಕಾರಣ ಕಳ್ಳನೆನಿಸಿಕೊಂಡು ಶೂಲಕ್ಕೇರಿದವನು. ಕೌಟಿಲ್ಯ ಹೇಳುವುದು ಬೇರೆ. ಮಾಂಡವ್ಯ ಕಳ್ಳನಲ್ಲದಿದ್ದರೂ ಹಿಂಸೆಗೆ ಹೆದರಿ ‘ಹೌದು, ನಾನೇ ಕಳ್ಳ’ ಎಂದುಬಿಟ್ಟ. ಆದ್ದರಿಂದ ಪುರಾವೆ ಪೂರ್ತಿಯಾಗದೆ ಶಿಕ್ಷೆ ಕೊಡಬೇಡಿ ಎನ್ನುತ್ತಾನೆ. ಬಾಯಿಬಿಡಿಸಲು ಚಿತ್ರಹಿಂಸೆಯ ಪಟ್ಟಿಯನ್ನೂ ಕೊಟ್ಟವನೇ ಆ ಎಚ್ಚರಿಕೆಯನ್ನೂ ಬರೆದಿಟ್ಟ. ಗುಟ್ಟಿನಲ್ಲಿ ನಡೆಯುವ ವ್ಯಾಪಾರವನ್ನು ಗುಟ್ಟಿನಲ್ಲಿಯೇ ಹಿಡಿಯಬೇಕು ಎಂಬುದು ಒಂದು ಸತ್ಯ. ಹಾಗೆ ಹಿಡಿದವನು ಹೇಳಿದ್ದೆಲ್ಲ ಸತ್ಯವಾಗಿರಬೇಕಿಲ್ಲ ಎಂಬುದು ಇನ್ನೊಂದು ಸತ್ಯ. ಈ ಎರಡರ ನಡುವಿನ ಜಗಳವೇ ಮುಂದಿನ ಇತಿಹಾಸ.

ನಮ್ಮ ಬಳ್ಳಾರಿಗೆ ಬರೋಣ. 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟರು. ದತ್ತ ಮಂಡಲ ಎಂದು ಹೆಸರಾಯಿತು. ಥಾಮಸ್ ಮನ್ರೋ ಅದರ ಮೊದಲ ಪ್ರಿನ್ಸಿಪಲ್ ಕಲೆಕ್ಟರ್. 1808ರಲ್ಲಿ ಬಳ್ಳಾರಿ, ಕಡಪ ಎಂದು ಎರಡು ಜಿಲ್ಲೆಗಳಾದವು. ಕೋಟೆಯ ಆಚೆ ದಂಡು ಬಂದು ನಿಂತಿತು. ದಂಡು ನಿಂತ ಜಾಗ ಕಂಟೋನ್ಮೆಂಟಾಯಿತು. ದಂಡಿನ ಜೊತೆಗೆ ಕೌಲ್‌ಬಜಾರಿನಂಥ ಪೇಟೆಗಳು ಬೆಳೆದವು. ಗೋರಾ ಸಿಪಾಯಿಗಳು ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ರೈಲ್ವೆ ಸ್ಟೇಷನ್ನಿನ ಬೋರ್ಡಿನ ಮೇಲೂ ನಮ್ಮ ವಿಳಾಸಗಳಲ್ಲೂ ಉಳಿದುಕೊಂಡಿದೆ.

ದಂಡಿದ್ದ ಕಡೆ ಸರ್ಕಾರಕ್ಕಿದ್ದ ದೊಡ್ಡ ತಲೆನೋವು ಸಿಪಾಯಿಗಳ ಕುಡಿತ. 1924ರ ಕಂಟೋನ್ಮೆಂಟ್ ಕಾಯಿದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಗೆಂದೇ ಒಂದು ಭಾಗವಿತ್ತು. ಅಪ್ಪಣೆಯಿಲ್ಲದೆ ಸೈನಿಕನಿಗೆ ಅಥವಾ ಸೈನಿಕನ ಸಲುವಾಗಿ ಸಾರಾಯಿಯನ್ನೋ ಅಮಲಿನ ಪದಾರ್ಥವನ್ನೋ ತಿಳಿದೂ ಮಾರಿದರೆ, ಕೊಟ್ಟರೆ ಅಪರಾಧ. ‘ತಿಳಿದೂ’ ಎಂಬ ಮಾತನ್ನು ಗಮನಿಸಬೇಕು. ಕೈಯಿಂದ ಕೈಗೆ ಸರಕು ದಾಟಿದರಷ್ಟೇ ಸಾಲದು, ಕೊಟ್ಟವನ ಮನಸ್ಸಿನಲ್ಲಿ ಏನಿತ್ತು ಎಂಬುದೂ ಬೇಕು. ಕೈಯನ್ನು ನೋಡಬಹುದು, ಮನಸ್ಸನ್ನು ನೋಡುವುದು ಹೇಗೆ? ಕೋರ್ಟುಗಳಿಗೆ ಇವತ್ತಿಗೂ ಈ ಕಷ್ಟ ತಪ್ಪಿಲ್ಲ.

ಆಗ ಗಾಂಜಾ ಮಾರುವುದೇ ಅಪರಾಧವಾಗಿರಲಿಲ್ಲ. ಲೈಸೆನ್ಸ್ ಇಲ್ಲದೆ, ತೆರಿಗೆ ಕಟ್ಟದೆ ಮಾರುವುದು ಅಪರಾಧ. ಮದ್ರಾಸು ಪ್ರಾಂತ್ಯದಲ್ಲಿ 1886ರ ಅಬಕಾರಿ ಕಾಯಿದೆ ಇತ್ತು. ಗಾಂಜಾದಿಂದ ಜನ ಹುಚ್ಚರಾಗುತ್ತಿದ್ದಾರೆ ಎಂಬ ಕೂಗು ಇಂಗ್ಲೆಂಡಿನ ಪಾರ್ಲಿಮೆಂಟಿನವರೆಗೆ ಹೋಗಿ, 1893ರಲ್ಲಿ ಏಳು ಜನರ ಒಂದು ಆಯೋಗ ನೇಮಕವಾಯಿತು. ಅಧ್ಯಕ್ಷರು ಮ್ಯಾಕ್‌ವರ್ತ್ ಯಂಗ್. ಸದಸ್ಯರಲ್ಲಿ ಮೂವರು ಭಾರತೀಯರು. ಆಯೋಗ ದೇಶವೆಲ್ಲ ಸುತ್ತಿ 1,193 ಸಾಕ್ಷಿಗಳ ಹೇಳಿಕೆ ಪಡೆದು 1894ರಲ್ಲಿ ವರದಿ ಕೊಟ್ಟಿತು. ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ ಹತೋಟಿಯಲ್ಲಿಡಿ ಎಂಬುದು ಅದರ ತೀರ್ಮಾನ.

ಆ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹುಚ್ಚಾಸ್ಪತ್ರೆಗಳ ಅಧ್ಯಾಯ. ಆಸ್ಪತ್ರೆಗಳ ರಿಜಿಸ್ಟರಿನಲ್ಲಿ ಪ್ರತಿ ರೋಗಿಯ ಮುಂದೆ ‘ಕಾರಣ’ ಎಂಬ ಕಲಮಿತ್ತು. 1892ರಲ್ಲಿ ಸೇರಿದ 1,344 ಜನರಲ್ಲಿ 222 ಜನರ ಮುಂದೆ ಗಾಂಜಾ, ಭಂಗಿ, ಚರಸ್ ಎಂದು ಬರೆದಿತ್ತು. ಆಯೋಗ ಒಂದೊಂದೇ ಪ್ರಕರಣ ತೆಗೆದು, ಆ ಊರಿಗೆ ಬರೆದು, ಮನೆಯವರನ್ನು ಕೇಳಿಸಿ ನೋಡಿತು. 222 ಇದ್ದದ್ದು 98ಕ್ಕೆ ಇಳಿಯಿತು. ಗಾಂಜಾ ಒಂದೇ ಕಾರಣವೆನ್ನಬಹುದಾದವು 61 ಮಾತ್ರ. ಉಳಿದವರ ಗತಿ ಏನಾಗಿತ್ತು? ರೋಗಿಯನ್ನು ಕರೆತಂದ ಪೊಲೀಸಿನವನು ಕಾಗದದಲ್ಲಿ ಏನೋ ಬರೆದಿದ್ದ, ಆಸ್ಪತ್ರೆಯವರು ಅದನ್ನೇ ಇಳಿಸಿಕೊಂಡಿದ್ದರು. ಮೊದಲ ಕಾಗದದಲ್ಲಿ ಬಿದ್ದ ಒಂದು ಶಬ್ದ ರಿಜಿಸ್ಟರಿಗೆ ಏರಿ, ರಿಜಿಸ್ಟರಿನಿಂದ ಅಂಕಿಸಂಖ್ಯೆಗೆ ಏರಿ, ಅಂಕಿಸಂಖ್ಯೆಯಿಂದ ಪಾರ್ಲಿಮೆಂಟಿಗೆ ಏರಿತ್ತು. ಹಾಜರಿ ಪುಸ್ತಕ ಬರೆಯುವ ನಮಗೆ ಇದು ಹೊಸದಲ್ಲ. ಒಮ್ಮೆ ‘ಗೈರು’ ಎಂದು ಬರೆದರೆ ಆ ಮಗು ಎದುರಿಗೆ ಬಂದು ಕೂತರೂ ಕಾಗದದಲ್ಲಿ ಗೈರೇ.

ಸಾರಾಯಿಯ ಕಥೆ ಬೇರೆಯಾಯಿತು. ರಾಜಾಜಿಯವರು 1937ರಲ್ಲಿ ಸೇಲಂ ಜಿಲ್ಲೆಯಿಂದ ಪಾನನಿಷೇಧ ಶುರುಮಾಡಿದರು. 1948ರ ಹೊತ್ತಿಗೆ ಅದು ಇಡೀ ಮದ್ರಾಸು ಪ್ರಾಂತ್ಯಕ್ಕೆ ಬಂತು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ಸೇರುವವರೆಗೂ ಮದ್ರಾಸಿನಲ್ಲೇ ಇತ್ತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಸಿರುಗುಪ್ಪ ನಮ್ಮ ಕಡೆ ಉಳಿಯಿತು. ಆ ಕಾಲದ ಕಥೆಗಳನ್ನು ನಮ್ಮ ಅಮ್ಮ ಹೇಳುತ್ತಿದ್ದರು. ಸೈಕಲ್ ಟ್ಯೂಬಿನಲ್ಲಿ ಸಾರಾಯಿ ತುಂಬಿ ಸೊಂಟಕ್ಕೆ ಸುತ್ತಿಕೊಂಡು ಬರುವವರು, ಹಾಲಿನ ಕ್ಯಾನಿನ ತಳದಲ್ಲಿ ಬಾಟಲಿ ಇಟ್ಟುಕೊಂಡು ಬರುವವರು. ಅವರನ್ನು ಹಿಡಿಯಲು ಮಫ್ತಿ ಪೊಲೀಸರು ಪಂಚೆ ಉಟ್ಟು, ತಲೆಗೆ ಟವೆಲ್ ಸುತ್ತಿ, ‘ಒಂದ್ ಗ್ಲಾಸ್ ಸಿಗ್ತೈತೇನಪ್ಪಾ’ ಎಂದು ಕೇಳುತ್ತಿದ್ದರಂತೆ. ಮಾರುವವನು ಬಂದವನ ಮುಖ ನೋಡದೆ ಕಾಲು ನೋಡುತ್ತಿದ್ದನಂತೆ. ಬೂಟು ಹಾಕಿ ಹಾಕಿ ಸವೆದ ಕಾಲಾದರೆ ಪೊಲೀಸು. ‘ನಮ್ಮಲ್ಲೇನೂ ಇಲ್ಲಪ್ಪ’ ಎಂದುಬಿಡುತ್ತಿದ್ದ. ಅಮ್ಮ ಇದನ್ನು ನಗಾಡಿಕೊಂಡು ಹೇಳುತ್ತಿದ್ದರು.

ಗಾಂಜಾ ನಮ್ಮಲ್ಲಿ ಪೂರ್ತಿ ನಿಷೇಧವಾದದ್ದು ಬಹಳ ತಡವಾಗಿ. 1961ರ ವಿಶ್ವಸಂಸ್ಥೆಯ ಒಪ್ಪಂದ ಔಷಧಿಗಲ್ಲದ ಗಾಂಜಾ ಬಳಕೆ ನಿಲ್ಲಿಸಲು 25 ವರ್ಷದ ವಾಯಿದೆ ಕೊಟ್ಟಿತ್ತು. ಅದು ಮುಗಿಯುವ ಮೊದಲೇ 1985ರ ನವೆಂಬರ್ 14ರಂದು ನಮ್ಮ ಎನ್‌ಡಿಪಿಎಸ್ ಕಾಯಿದೆ ಜಾರಿಗೆ ಬಂತು. ಈ ಕಾಯಿದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿಯಿಲ್ಲದ ಬರೀ ಎಲೆ, ಬರೀ ಬೀಜ ಗಾಂಜಾ ಅಲ್ಲ. 2001ರ ತಿದ್ದುಪಡಿಯ ನಂತರ ಶಿಕ್ಷೆ ತೂಕದ ಮೇಲೆ ನಿಂತಿದೆ. ಒಂದು ಕಿಲೋವರೆಗೆ ಅಲ್ಪ ಪ್ರಮಾಣ. ಒಂದು ವರ್ಷದವರೆಗೆ ಸಜೆ ಆಗಬಹುದು. ಇಪ್ಪತ್ತು ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ಹತ್ತರಿಂದ ಇಪ್ಪತ್ತು ವರ್ಷ. ನಡುವಿನದಕ್ಕೆ ಹತ್ತು ವರ್ಷದವರೆಗೆ. ಹೀಗಾಗಿ ತಕ್ಕಡಿ ಸರಿಯಿದೆಯೇ, ತೂಗಿದವರು ಯಾರು, ಹೂವಿನ ಜೊತೆಗೆ ಎಲೆ ಕಡ್ಡಿಯನ್ನೂ ಸೇರಿಸಿ ತೂಗಿದರೇ ಎಂಬುದು ಒಬ್ಬ ಮನುಷ್ಯನ ಹತ್ತು ವರ್ಷದ ಪ್ರಶ್ನೆಯಾಗುತ್ತದೆ.

ಈ ಕಾಯಿದೆಯಲ್ಲಿ ಇನ್ನೊಂದು ವಿಶೇಷ ಉಂಟು. ಸಾಮಾನ್ಯವಾಗಿ ತಪ್ಪು ಮಾಡಿದ್ದಾನೆಂದು ಸರ್ಕಾರವೇ ರುಜುವಾತು ಮಾಡಬೇಕು, ಆರೋಪಿ ಬಾಯಿ ಮುಚ್ಚಿಕೊಂಡು ನಿಂತರೂ ನಡೆಯುತ್ತದೆ. ಇಲ್ಲಿ ಹಾಗಲ್ಲ. 54ನೆಯ ಕಲಮಿನ ಪ್ರಕಾರ ಮಾಲು ಹತ್ತಿರ ಸಿಕ್ಕಿತೆಂದರೆ ಅಪರಾಧ ಮಾಡಿದ್ದಾನೆಂದೇ ಊಹೆ. 35ನೆಯ ಕಲಮಿನ ಪ್ರಕಾರ ಗೊತ್ತಿದ್ದೇ ಮಾಡಿದ್ದಾನೆಂದೂ ಊಹೆ. ಅಲ್ಲವೆಂದು ತೋರಿಸುವ ಭಾರ ಅವನ ಮೇಲೆ. 2008ರ ನೂರ್ ಆಗಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕಲಮುಗಳನ್ನು ರದ್ದು ಮಾಡಲಿಲ್ಲ, ಆದರೆ ಒಂದು ಮೆಟ್ಟಿಲು ಹಾಕಿತು. ಮಾಲು ನಿಜಕ್ಕೂ ಅವನ ಹತ್ತಿರವೇ ಸಿಕ್ಕಿತು, ಅದೇ ಮಾಲು ಪ್ರಯೋಗಾಲಯಕ್ಕೆ ಹೋಯಿತು ಎಂಬ ಬುನಾದಿಯ ಸಂಗತಿಗಳನ್ನು ಮೊದಲು ಪ್ರಾಸಿಕ್ಯೂಷನ್ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. ಊಹೆಯ ಮಾತು ಆಮೇಲೆ.

ಆ ಬುನಾದಿಗೆ ಏನೇನು ಕಲ್ಲು ಬೇಕು ಎಂದು ನೋಡಿದರೆ ಕಾಯಿದೆಯ ಎಚ್ಚರ ಗೊತ್ತಾಗುತ್ತದೆ. ಗುಪ್ತ ಮಾಹಿತಿ ಬಂದರೆ ಅಧಿಕಾರಿ ಅದನ್ನು ಬರವಣಿಗೆಗೆ ಇಳಿಸಿ 72 ಗಂಟೆಯೊಳಗೆ ಮೇಲಿನವರಿಗೆ ಕಳಿಸಬೇಕು. ಮೈಮೇಲೆ ತಪಾಸಣೆ ಮಾಡುವ ಮೊದಲು ‘ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರಿಗೇ ತಪಾಸಣೆ ಮಾಡಿಸಿಕೊಳ್ಳುವ ಹಕ್ಕು ನಿನಗಿದೆ’ ಎಂದು ಆ ಮನುಷ್ಯನಿಗೆ ತಿಳಿಸಬೇಕು. ಇದು 50ನೆಯ ಕಲಮು. 1999ರಲ್ಲಿ ಬಲದೇವ್ ಸಿಂಗ್ ಪ್ರಕರಣದ ಸಂವಿಧಾನ ಪೀಠವೂ, 2010ರಲ್ಲಿ ಜಡೇಜಾ ಪ್ರಕರಣದ ಸಂವಿಧಾನ ಪೀಠವೂ ಇದನ್ನು ಕಟ್ಟುನಿಟ್ಟಾಗಿ ಪಾಲಿಸಲೇಬೇಕೆಂದು ಹೇಳಿವೆ. ಆದರೆ ಈ ರಕ್ಷಣೆ ಮೈಗೆ ಮಾತ್ರ, ಕೈಯಲ್ಲಿನ ಚೀಲಕ್ಕಲ್ಲ ಎಂದು 2005ರಲ್ಲೇ ತೀರ್ಪಾಗಿದೆ. ಜಪ್ತಿಯಾದ ಮಾಲಿಗೆ ಮೊಹರು ಬೀಳಬೇಕು, 48 ಗಂಟೆಯೊಳಗೆ ಮೇಲಧಿಕಾರಿಗೆ ವರದಿ ಹೋಗಬೇಕು, ಮ್ಯಾಜಿಸ್ಟ್ರೇಟರ ಎದುರು ಮಾದರಿ ತೆಗೆಯಬೇಕು. ಇನ್ನು ಆರೋಪಿಯ ತಪ್ಪೊಪ್ಪಿಗೆ. ಪೊಲೀಸರ ಮುಂದೆ ಹೇಳಿದ್ದು ಸಾಕ್ಷ್ಯವಲ್ಲವೆಂಬುದು 1872ರಿಂದ ಬಂದ ನಿಯಮ. ಮಾದಕ ವಸ್ತು ನಿಗ್ರಹದ ಅಧಿಕಾರಿಗಳು ಪೊಲೀಸರಲ್ಲ, ಅವರ ಮುಂದೆ ಹೇಳಿದ್ದು ನಡೆಯುತ್ತದೆ ಎಂಬ ವಾದ ಬಹುಕಾಲ ಇತ್ತು. 2020ರ ತೂಫಾನ್ ಸಿಂಗ್ ತೀರ್ಪು ಆ ಬಾಗಿಲನ್ನೂ ಮುಚ್ಚಿತು. ಇದನ್ನು ಓದಿದಾಗ ನನಗೆ ಮಾಂಡವ್ಯನೇ ನೆನಪಾದ.

ಇಷ್ಟೆಲ್ಲ ತಾಂತ್ರಿಕ ಸಂಗತಿಗಳು ಒಬ್ಬ ಟೀಚರಿಗೇಕೆ ಎಂದು ಓದುವವರು ಕೇಳಬಹುದು. ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಎರಡು ವರ್ಷದ ಹಿಂದೆ ಮನೆಗೆ ಬಂದಳು. ಅವಳ ಮಗ ನನ್ನ ಹತ್ತಿರ ಓದಿದವನು, ಆಗ ಹತ್ತೊಂಬತ್ತರ ವಯಸ್ಸು. ಗಾಂಜಾ ಮಾರಿದನೆಂದು ಕೇಸಾಗಿ, ಕೆಲವು ದಿನ ಒಳಗಿದ್ದು, ಜಾಮೀನಿನ ಮೇಲೆ ಬಂದಿದ್ದ. ಅವಳು ಅಂದದ್ದು ಇಷ್ಟು: ‘ಟೀಚರಮ್ಮ, ನಮ್ಮ ಹುಡುಗ ಸೇದತಾನ್ರೀ, ಸುಳ್ಳು ಹೇಳಂಗಿಲ್ಲ. ಆದ್ರ ಮಾರೋನಲ್ಲ. ಯಾರೋ ಬಂದು ಮೂರು ದಿನ ಗಂಟುಬಿದ್ದು, ತಂದುಕೊಡೋ, ತಂದುಕೊಡೋ ಅಂದ. ಇವನು ಎಲ್ಲಿಂದಲೋ ತಂದು ಕೊಟ್ಟ. ಕೊಟ್ಟ ಕೂಡಲೇ ಹಿಡಕೊಂಡ್ರು. ಅವನು ಕೇಳದಿದ್ರ ಇವನು ತರ್ತಿದ್ನಾ?’

ಅವಳ ಮಾತು ನಿಜವೋ, ತಾಯಿಯ ಕರುಳಿನ ಮಾತೋ, ತೀರ್ಮಾನಿಸಲು ನಾನು ನ್ಯಾಯಾಧೀಶಳಲ್ಲ. ಕೇಸು ಇನ್ನೂ ನಡೆಯುತ್ತಿದೆ. ಇನ್ನೊಂದು ಮುಖವನ್ನೂ ಹೇಳದೆ ಇದ್ದರೆ ಅನ್ಯಾಯವಾಗುತ್ತದೆ. ಅದೇ ಬ್ಯಾಚಿನ ಇನ್ನೊಬ್ಬ ಹುಡುಗ, ಗಣಿತದಲ್ಲಿ ಚುರುಕಾಗಿದ್ದವನು, ಕಾಲೇಜಿಗೆ ಹೋಗುವಾಗ ಪೊಟ್ಟಣದ ಚಟಕ್ಕೆ ಬಿದ್ದು, ಮನೆಯ ಪಾತ್ರೆ ಪಡಗ ಮಾರುವ ಮಟ್ಟಕ್ಕೆ ಬಂದ. ಅವನಿಗೆ ಪೊಟ್ಟಣ ಮಾರಿದವನು ಸಿಕ್ಕಿಬೀಳಲೇಬೇಕು. ಅಂಥವನು ಬೋರ್ಡು ಹಾಕಿಕೊಂಡು ಅಂಗಡಿ ಇಡುವುದಿಲ್ಲ, ಗಿರಾಕಿಯ ವೇಷ ಹಾಕದೆ ಅವನ ಬಾಗಿಲು ತೆರೆಯುವುದಿಲ್ಲ. ಕೊಂಡವನು ದೂರು ಕೊಡುವುದೂ ಇಲ್ಲ, ಯಾಕೆಂದರೆ ಅವನಿಗೆ ನಾಳೆಯೂ ಬೇಕು. ಆದರೆ ಆ ತಾಯಿಯ ಕೊನೆಯ ಪ್ರಶ್ನೆ ಕಾನೂನಿನ ಪುಸ್ತಕದಲ್ಲಿರುವ ಪ್ರಶ್ನೆಯೇ ಎಂದು ಆಮೇಲೆ ಓದಿದಾಗ ತಿಳಿಯಿತು. ಅವಳು ಮೂರನೆಯ ಇಯತ್ತೆ ದಾಟಿದವಳಲ್ಲ.

ಅಮೆರಿಕದಲ್ಲಿ ಪಾನನಿಷೇಧವಿದ್ದಾಗ, 1930ರಲ್ಲಿ, ನಾರ್ತ್ ಕ್ಯಾರೊಲಿನಾದ ಸೊರೆಲ್ಸ್ ಎಂಬ ಮಾಜಿ ಸೈನಿಕನ ಮನೆಗೆ ಒಬ್ಬ ಪ್ರವಾಸಿ ಬಂದ. ಮಾತಾಡುತ್ತ, ಇಬ್ಬರೂ ಮೊದಲ ಮಹಾಯುದ್ಧದಲ್ಲಿ ಒಂದೇ ಡಿವಿಷನ್ನಿನವರೆಂದು ಗೊತ್ತಾಯಿತು. ಬಂದವನು ವಿಸ್ಕಿ ಕೇಳಿದ, ಇವನು ಇಲ್ಲವೆಂದ. ಮತ್ತೆ ಕೇಳಿದ, ಮತ್ತೆ ಇಲ್ಲವೆಂದ. ಯುದ್ಧದ ಮಾತು ಮುಂದುವರಿದು ಮತ್ತೊಮ್ಮೆ ಕೇಳಿದಾಗ, ಸೊರೆಲ್ಸ್ ಎದ್ದುಹೋಗಿ ಅರ್ಧ ಗ್ಯಾಲನ್ ತಂದು ಐದು ಡಾಲರಿಗೆ ಕೊಟ್ಟ. ಪ್ರವಾಸಿ ನಿಷೇಧ ಇಲಾಖೆಯ ಅಧಿಕಾರಿಯಾಗಿದ್ದ. ಅಪರಾಧದ ಬೀಜ ಬಿತ್ತಿದ್ದು ಯಾರು ಎಂಬುದನ್ನು ಜ್ಯೂರಿ ವಿಚಾರಿಸಲೇಬೇಕು ಎಂದು 1932ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು.

1958ರ ಶರ್ಮನ್ ಪ್ರಕರಣ ಇನ್ನೂ ಮನಸ್ಸಿಗೆ ತಾಕುವಂಥದು. ಚಟ ಬಿಡಿಸಿಕೊಳ್ಳಲು ಡಾಕ್ಟರ ಬಳಿಗೆ ಹೋಗುತ್ತಿದ್ದ ಶರ್ಮನ್‌ಗೆ ಅಲ್ಲೇ ಇನ್ನೊಬ್ಬ ರೋಗಿಯ ಪರಿಚಯವಾಯಿತು. ‘ನನಗೆ ಔಷಧಿ ನಾಟುತ್ತಿಲ್ಲ, ತಡೆಯಲಾರೆ, ಎಲ್ಲಾದರೂ ಕೊಡಿಸು’ ಎಂದು ಅವನು ದುಂಬಾಲುಬಿದ್ದ. ಶರ್ಮನ್ ಬೇಡ ಬೇಡ ಎನ್ನುತ್ತಲೇ ಕೊನೆಗೆ ತಂದುಕೊಟ್ಟ. ಜೊತೆಗೆ ತನ್ನ ಹಳೆಯ ಚಟಕ್ಕೂ ಮರಳಿ ಬಿದ್ದ. ಕೇಳಿದವನು ಸರ್ಕಾರದ ಮಾಹಿತಿದಾರ. ಕೆಳಗಿನ ಕೋರ್ಟು ಕೊಟ್ಟ ಹತ್ತು ವರ್ಷದ ಶಿಕ್ಷೆ ಮೇಲೆ ರದ್ದಾಯಿತು. ಶರ್ಮನ್‌ಗೆ ಹಿಂದೆ ಇಂಥದೇ ಎರಡು ಶಿಕ್ಷೆಗಳಾಗಿದ್ದವು. ಆದರೂ, ಬಿಡಲು ಹೆಣಗುತ್ತಿದ್ದವನು ಮಾರಲು ಸಿದ್ಧನಾಗಿದ್ದ ಎಂದು ಹಳೆಯ ಶಿಕ್ಷೆಗಳಿಂದ ತೀರ್ಮಾನಿಸಲಾಗದು ಎಂದರು.

ಇಂಗ್ಲೆಂಡಿನಲ್ಲಿ 2001ರಲ್ಲಿ ಎರಡು ಪ್ರಕರಣಗಳು ಒಟ್ಟಿಗೆ ತೀರ್ಮಾನವಾದವು. ಲೂಸ್ಲಿ ಎಂಬವನಿಗೆ ಪೊಲೀಸಿನವನು ಫೋನು ಮಾಡಿ ಹೆರಾಯಿನ್ ಸಿಗುತ್ತದೆಯೇ ಎಂದ ಕೂಡಲೇ ರೇಟು ಹೇಳಿ ಕೊಡಿಸಿದ. ಅವನ ಶಿಕ್ಷೆ ನಿಂತಿತು. ಇನ್ನೊಬ್ಬನಿಗೆ ವೇಷದ ಪೊಲೀಸರು ಕಡಿಮೆ ಬೆಲೆಗೆ ಕಳ್ಳ ಸಿಗರೇಟು ಕೊಟ್ಟು ಗೆಳೆತನ ಬೆಳೆಸಿ, ಮತ್ತೆ ಮತ್ತೆ ಕೇಳಿ, ತನಗೆ ಅದರ ಗೊಡವೆಯಿಲ್ಲ ಎಂದವನಿಂದಲೂ ತರಿಸಿದ್ದರು. ಅವನ ಮೇಲಿನ ಮೊಕದ್ದಮೆ ನಿಲ್ಲಿಸಿದ್ದು ಸರಿಯೆಂದಾಯಿತು. ಎರಡರಲ್ಲೂ ಮಾಲು ಒಂದೇ, ಕೊಟ್ಟದ್ದೂ ನಿಜ. ವ್ಯತ್ಯಾಸವಿದ್ದದ್ದು ಕೇಳಿದ ರೀತಿಯಲ್ಲಿ. ಬೇರೆ ಯಾವ ಗಿರಾಕಿಯಾದರೂ ಕೇಳುವಷ್ಟೇ ಕೇಳಿದರೆ ಪೊಲೀಸರದ್ದು ಪತ್ತೆ ಕೆಲಸ. ಅದಕ್ಕಿಂತ ಹೆಚ್ಚಾದರೆ ಅಪರಾಧ ಹುಟ್ಟಿಸುವ ಕೆಲಸ.

ನಮ್ಮ ದೇಶದಲ್ಲಿ ಈ ವಾದವನ್ನು ಬೇರೆ ರಕ್ಷಣೆಯಾಗಿ ಕೋರ್ಟುಗಳು ಬೆಳೆಸಿಲ್ಲ. ಆದರೆ ಪ್ರಶ್ನೆ ಹಳೆಯದೇ. 1949ರಲ್ಲಿ ವಿಂಧ್ಯ ಪ್ರದೇಶದ ಮಂತ್ರಿ ರಾವ್ ಶಿವಬಹಾದ್ದೂರ್ ಸಿಂಗ್ ದೆಹಲಿಯಲ್ಲಿ 25,000 ರೂಪಾಯಿ ಲಂಚದ ಬಲೆಗೆ ಬಿದ್ದರು. ಪನ್ನಾದ ವಜ್ರದ ಗಣಿಯ ವ್ಯವಹಾರ. 1954ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು. ಹಿಡಿಯುತ್ತಲೇ ಪೊಲೀಸರಿಗೂ ಚಾಟಿ ಬೀಸಿತು. ಬಲೆ ಹಾಕುವುದು ಕೆಲವೊಮ್ಮೆ ಅನಿವಾರ್ಯ. ಆದರೆ ಲಂಚ ಕೊಡಲು ಹಣವೇ ಇಲ್ಲದವನಿಗೆ ಪೊಲೀಸರೇ ಹಣ ಒದಗಿಸಿ ಲಂಚ ಕೊಡಿಸುವುದಕ್ಕೆ ಸಮರ್ಥನೆಯಿಲ್ಲ ಎಂದಿತು. ಮ್ಯಾಜಿಸ್ಟ್ರೇಟರನ್ನು ಬಲೆಯ ಸಾಕ್ಷಿಯಾಗಿ ಬಳಸುವುದೂ ತರವಲ್ಲ ಎಂದಿತು. 1958ರ ಬಸಾವನ್ ಸಿಂಗ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು ಕೂತು, ಬಲೆ ಹಾಕಿದವರ ಸಾಕ್ಷ್ಯವನ್ನು ಹೇಗೆ ತೂಗಬೇಕೆಂದು ವಿವರಿಸಿದರು. ಅಪರಾಧದಲ್ಲಿ ಪಾಲುದಾರನಾದವನ ಮಾತಿಗೆ ಬೇರೆ ಆಧಾರ ಬೇಕು. ಬಲೆಯಲ್ಲಿ ಪಾಲುಗೊಂಡ ಸಾಕ್ಷಿ ಪಾಲುದಾರನಲ್ಲದಿದ್ದರೂ ಪಕ್ಷ ಹಿಡಿದವನೇ. ಅವನ ಮಾತನ್ನು ಆಯಾ ಪ್ರಕರಣಕ್ಕೆ ತಕ್ಕಂತೆ ಎಚ್ಚರದಿಂದ ಪರೀಕ್ಷಿಸಬೇಕು, ಸಾಧ್ಯವಾದಲ್ಲಿ ಸ್ವತಂತ್ರ ಆಧಾರ ಹುಡುಕಬೇಕು. ಲಂಚದ ಬಲೆಯಲ್ಲಿ ಆ ಆಧಾರಕ್ಕೆ ರಸಾಯನಶಾಸ್ತ್ರವೂ ಬಂತು. ನೋಟಿಗೆ ಫಿನಾಫ್ತಲೀನ್ ಪುಡಿ ಹಚ್ಚುತ್ತಾರೆ. ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ. ನಮ್ಮ ಹೈಸ್ಕೂಲಿನ ಲ್ಯಾಬಿನಲ್ಲಿ ಮಕ್ಕಳು ಮಾಡುವ ಪ್ರಯೋಗವೇ. ಕೈ ನೋಟನ್ನು ಮುಟ್ಟಿತೆಂದು ನೀರು ಹೇಳುತ್ತದೆ. ಯಾಕೆ ಮುಟ್ಟಿತೆಂದು ನೀರು ಹೇಳುವುದಿಲ್ಲ.

ಗಾಂಜಾ ಕೇಸುಗಳಲ್ಲಿ ಆ ಸ್ವತಂತ್ರ ಆಧಾರವೆಂದರೆ ಬಹುಮಟ್ಟಿಗೆ ಪಂಚರು. ಪಂಚರೆಂದರೆ ಯಾರು? ಹಾದಿಯಲ್ಲಿ ಹೋಗುವವರು ಒಪ್ಪುವುದಿಲ್ಲ, ಕೋರ್ಟು ಕಚೇರಿ ಯಾರಿಗೆ ಬೇಕು. ಹೀಗಾಗಿ ಸರ್ಕಾರಿ ನೌಕರರಿಗೆ ಹೇಳಿಕಳಿಸುತ್ತಾರೆ. ನಮ್ಮಲ್ಲಿ ಪಂಚಾಯಿತಿಯ ಗುಮಾಸ್ತರು, ಗ್ರಾಮ ಲೆಕ್ಕಿಗರು, ಕೆಲವೊಮ್ಮೆ ಶಾಲೆಯ ಮೇಷ್ಟ್ರು. ನನಗೆ ಪರಿಚಯದ ಮೇಷ್ಟ್ರೊಬ್ಬರು ಹೀಗೆ ಪಂಚರಾಗಿ ಹೋದರು. ಗದ್ದೆಯ ಬದುವಿನ ಮೇಲೆ ಕೂತು ಮಹಜರಿಗೆ ಸಹಿ ಮಾಡಿದ್ದರು. ನಾಲ್ಕು ವರ್ಷದ ನಂತರ ಕೋರ್ಟಿನಲ್ಲಿ ಆರೋಪಿಯ ವಕೀಲರು ಪಾಟೀಸವಾಲು ಮಾಡಿದರು. ತಕ್ಕಡಿ ಯಾರು ತಂದರು? ಅರಗು ಯಾವ ಬಣ್ಣ? ಮೊಹರಿನಲ್ಲಿ ಯಾವ ಅಕ್ಷರವಿತ್ತು? ಮಹಜರು ಬರೆದದ್ದು ಅಲ್ಲೋ, ಠಾಣೆಯಲ್ಲೋ? ಮೇಷ್ಟ್ರು ತಮಗೆ ನೆನಪಿದ್ದಷ್ಟು ಹೇಳಿದರು, ಮೊಹರಿನ ಅಕ್ಷರ ನೆನಪಿಲ್ಲ ಎಂದರು. ಹೊರಗೆ ಬಂದ ಮೇಲೆ ಒಂದು ಕಡೆಯವರು ‘ಮೇಷ್ಟ್ರೇ, ಕೇಸು ಕೆಡಿಸಿಬಿಟ್ರಿ’ ಎಂದರು, ಇನ್ನೊಂದು ಕಡೆಯವರು ‘ನಮ್ಮ ಹುಡುಗನ ಮೇಲೆ ಹೇಳಿಬಿಟ್ರಿ’ ಎಂದರು. ಅವರಿಗೆ ಅವತ್ತು ರಾತ್ರಿ ಊಟ ಸೇರಲಿಲ್ಲವಂತೆ. ನನಗನ್ನಿಸುವುದು, ಎರಡು ಕಡೆಯವರಿಗೂ ಸಮಾಧಾನವಾಗದಂತೆ ಹೇಳಿದವರೇ ಬಹುಶಃ ಒಳ್ಳೆಯ ಸಾಕ್ಷಿ.

ಪಂಚರು ಸಿಗದಿದ್ದರೆ, ಸಿಕ್ಕವರು ಪ್ರತಿಕೂಲರಾದರೆ, ಉಳಿಯುವುದು ಪೊಲೀಸರ ಮಾತು. ಪೊಲೀಸರ ಮಾತೆಂದೇ ತಳ್ಳಿಹಾಕುವಂತಿಲ್ಲ. ದೂರು ಕೊಟ್ಟ ಅಧಿಕಾರಿಯೇ ತನಿಖೆಯನ್ನೂ ಮಾಡಿದರೆ ಆರೋಪಿಗೆ ಬಿಡುಗಡೆ ಎಂದು 2018ರಲ್ಲಿ ಒಂದು ತೀರ್ಪು ಬಂದಿತ್ತು. 2020ರ ಮುಕೇಶ್ ಸಿಂಗ್ ಪ್ರಕರಣದ ಸಂವಿಧಾನ ಪೀಠ ಅದನ್ನು ಬದಲಿಸಿ, ಅಷ್ಟರಿಂದಲೇ ಕೇಸು ಬೀಳುವುದಿಲ್ಲ, ಪಕ್ಷಪಾತ ಆಗಿದೆಯೇ ಎಂದು ಪ್ರತಿ ಪ್ರಕರಣದಲ್ಲೂ ನೋಡಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ತಪಾಸಣೆ, ಜಪ್ತಿಗಳನ್ನು ಮೊಬೈಲಿನಲ್ಲಾದರೂ ಚಿತ್ರೀಕರಿಸಬೇಕೆಂಬ ನಿಯಮ ಬಂದಿದೆ. ಒಳ್ಳೆಯದೇ. ಆದರೆ ಚಿತ್ರೀಕರಣ ಶುರುವಾಗುವುದು ಹಿಡಿಯುವ ಹೊತ್ತಿಗೆ. ಅದಕ್ಕಿಂತ ಮೊದಲಿನ ಮೂರು ದಿನ ಯಾರು ಯಾರಿಗೆ ಗಂಟುಬಿದ್ದಿದ್ದರು ಎಂಬುದು ಅದರಲ್ಲಿ ಬರುವುದಿಲ್ಲ. ಆ ತಾಯಿ ಕೇಳಿದ್ದು ಆ ಮೂರು ದಿನದ ಲೆಕ್ಕವನ್ನು.

ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡಿದರು ಎಂದು ಪೇಪರಿನಲ್ಲಿ ಬಂದಾಗ ಸ್ಟಾಫ್‌ರೂಮಿನಲ್ಲಿ ಬೈಯುವವರೇ ಹೆಚ್ಚು. ‘ಕಳ್ಳರು ಪಾರಾಗ್ತಾರೆ ನೋಡ್ರಿ’ ಎನ್ನುತ್ತಾರೆ. ನನಗೂ ಆ ಚುರುಕು ಹುಡುಗನ ಮುಖ ನೆನಪಾಗಿ ಸಿಟ್ಟು ಬರುತ್ತದೆ. ಆದರೆ ಬಿಟ್ಟವರು ಕಾನೂನಲ್ಲ, ಮೊಹರನ್ನು ಸರಿಯಾಗಿ ಒತ್ತದವರು. 72 ಗಂಟೆಯ ಕಾಗದವನ್ನು ಆಮೇಲೆ ಬರೆದವರು. ಹಕ್ಕನ್ನು ತಿಳಿಸದೆ ಜೇಬಿಗೆ ಕೈಹಾಕಿದವರು. ಎಲ್ಲ ಸರಿಯಾಗಿ ಮಾಡಿದರೆ ನಿಜವಾದ ವ್ಯಾಪಾರಿ ತಪ್ಪಿಸಿಕೊಳ್ಳುವುದು ಕಷ್ಟ. ಸರಿಯಾಗಿ ಮಾಡದಿದ್ದರೆ ಅವನು ಒಳ್ಳೆಯ ವಕೀಲರನ್ನಿಟ್ಟು ಹೊರಗೆ ಬರುತ್ತಾನೆ, ವಕೀಲರನ್ನಿಡಲು ಗತಿಯಿಲ್ಲದ ಸೇದುವ ಹುಡುಗ ಒಳಗೆ ಉಳಿಯುತ್ತಾನೆ.

ಹತ್ತನೆಯ ತರಗತಿಯ ಮಕ್ಕಳಿಗೆ ನಾನು ಈಗ ಕೌಟಿಲ್ಯನ ಪಾಠದ ಜೊತೆಗೆ ಮಾಂಡವ್ಯನ ಕಥೆಯನ್ನೂ ಹೇಳುತ್ತೇನೆ. ಪರೀಕ್ಷೆಗೆ ಬರುವುದಿಲ್ಲ ಮಿಸ್ ಎನ್ನುತ್ತಾರೆ, ಆದರೂ ಕೇಳುತ್ತಾರೆ. ಕಥೆಯ ಕೊನೆಗೆ ಎರಡು ಮಾತು ಸೇರಿಸುತ್ತೇನೆ. ಎಷ್ಟೇ ಬೇಕಾದವರು ಕೇಳಿದರೂ, ಎಷ್ಟು ಸಲ ಕೇಳಿದರೂ, ಇನ್ನೊಬ್ಬರ ಪೊಟ್ಟಣವನ್ನು ಕೈಗೆ ತೆಗೆದುಕೊಳ್ಳಬೇಡಿ. ಕೇಳುವವನು ಯಾರೆಂದು ನಿಮಗೆ ಗೊತ್ತಿರುವುದಿಲ್ಲ, ಕಾನೂನು ಗೊತ್ತಿತ್ತೆಂದೇ ಊಹಿಸುತ್ತದೆ. ಮುಂದೆ ದೊಡ್ಡವರಾಗಿ ಎಲ್ಲೋ ಗುಮಾಸ್ತರೋ ಮೇಷ್ಟ್ರೋ ಆಗಿ, ಯಾರಾದರೂ ಪಂಚನಾಮೆಗೆ ಕರೆದರೆ, ಹೆದರಿ ಓಡಬೇಡಿ, ಹೋಗಿ. ತೂಗುವಾಗ ತಕ್ಕಡಿಯ ಮುಳ್ಳು ನೋಡಿ, ಮೊಹರಿನ ಅಕ್ಷರ ನೋಡಿ. ಬರೆದದ್ದನ್ನು ಪೂರ್ತಿ ಓದಿ, ಕಂಡದ್ದಷ್ಟೇ ಅದರಲ್ಲಿದ್ದರೆ ಸಹಿ ಹಾಕಿ.